ಬ್ಯಾಂಡ್‌ಸಾ ಬ್ಲೇಡ್ ವೀಲ್‌ನಿಂದ ಕಳಚಿಕೊಳ್ಳುತ್ತೆ, ಕಟ್ ಕೂಡ ಓರೆ

ಪ್ರಶ್ನೆ: ಹಾರಿಜಾಂಟಲ್ ಬ್ಯಾಂಡ್‌ಸಾ (ಎರಡು ವೀಲ್ ಮೇಲೆ ಪಟ್ಟಿ ಬ್ಲೇಡ್ ಓಡಿಸಿ ಲೋಹ ಕೊಯ್ಯುವ ಯಂತ್ರ). ಅರ್ಧ ಇಂಚು ಅಗಲದ ಬೈಮೆಟಲ್ (ಎರಡು ಲೋಹ ಜೋಡಿಸಿದ) ಬ್ಲೇಡ್, ಇಂಚಿಗೆ 14 ಹಲ್ಲು. ಹೊಸ ಬ್ಲೇಡ್ ಹಾಕಿದಾಗಿನಿಂದ ಓಡ್ತಾ ಓಡ್ತಾ ಐಡ್ಲರ್ (ಮೋಟಾರ್ ಇಲ್ಲದ) ವೀಲ್‌ನಿಂದ ಕಳಚಿ ಬೀಳ್ತಿದೆ. 40 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ಕೊಯ್ದರೆ ತುಂಡು ಓರೆ. ಟೆನ್ಷನ್ ಏರಿಸಿ ನೋಡಿದೆ, ಉಪಯೋಗ ಆಗಲಿಲ್ಲ. ಇನ್ನೂ ಬಿಗಿ ಮಾಡಲಾ?

ಉತ್ತರ: ಬೇಡ ಸರ್, ಟೆನ್ಷನ್ ಸ್ಕ್ರೂ ಅಲ್ಲೇ ಇರಲಿ. ಪ್ಲಗ್ ಕಿತ್ತು, ಎರಡೂ ಗೈಡ್‌ಗಳನ್ನು (ಬ್ಲೇಡನ್ನು ನೇರ ಹಿಡಿಯುವ ಬೇರಿಂಗ್ ಜೋಡಿ) ಬ್ರಾಕೆಟ್ ಸಮೇತ ಬ್ಲೇಡ್‌ನಿಂದ ದೂರ ಸರಿಸಿ. ಗೈಡ್ ಒತ್ತಿಕೊಂಡಿರುವಾಗ ಟ್ರ್ಯಾಕಿಂಗ್, ಅಂದರೆ ವೀಲ್ ಮೇಲೆ ಬ್ಲೇಡ್ ಓಡುವ ಜಾಗ, ಬದಲಿಸಿದರೆ, ಬ್ಲೇಡ್ ವೀಲ್ ಎಳೆದ ಕಡೆ ಹೋಗ್ತಿದೆಯೋ ಗೈಡ್ ತಳ್ಳಿದ ಕಡೆ ಹೋಗ್ತಿದೆಯೋ ಗೊತ್ತೇ ಆಗಲ್ಲ. ವೀಲ್ ಅಂಚಿನಲ್ಲಿ ಚಿಪ್ಸ್ ಅಂಟಿದ್ದರೆ ಒರೆಸಿ. ವೀಲನ್ನು ಕೈಯಲ್ಲೇ ತಿರುಗಿಸುತ್ತಾ ಐಡ್ಲರ್‌ನ ಓರೆಯನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ. ಬ್ಲೇಡ್‌ನ ಬೆನ್ನು ಫ್ಲೇಂಜ್ (ವೀಲ್‌ನ ಎದ್ದ ಅಂಚು) ಹತ್ತಿರ ಇರಬೇಕು, ಆದರೆ ಉಜ್ಜಬಾರದು. ಉಜ್ಜಿದರೆ ಬೆನ್ನು ಹೊಳೆಯುತ್ತೆ, ಬರ್ (ಚೂಪು ಅಂಚು) ಏಳುತ್ತೆ, ಆಮೇಲೆ ಬಿರುಕು ಬಿಡುತ್ತೆ. ಬ್ಲೇಡ್ ಹೀಗೆ ಕೂತ ಮೇಲೆಯೇ ಗೈಡ್ ವಾಪಸ್ ತನ್ನಿ. ಜೋಡಿ ಬೇರಿಂಗ್‌ನಲ್ಲಿ ಒಂದಕ್ಕೆ ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ಬೇರಿಂಗ್ ಸರಿಯುವಂಥದ್ದು) ಇರುತ್ತೆ, ಹೊಂದಿಸೋದು ಅದನ್ನೇ. ಬೇರಿಂಗ್ ಬ್ಲೇಡ್‌ಗೆ ತಾಗಿರಲಿ, ಆದರೆ ಬೆರಳಲ್ಲಿ ತಡೆದರೆ ನಿಲ್ಲುವಷ್ಟು ಮಾತ್ರ.

ಇನ್ನೊಬ್ಬರು: ಹಲ್ಲಿನ ಲೆಕ್ಕ ಯಾರೂ ಕೇಳಲಿಲ್ಲವಲ್ಲ! ಕಟ್‌ನಲ್ಲಿ ಕನಿಷ್ಠ 3 ಹಲ್ಲು ಇರಬೇಕು ನಿಜ, ಆದರೆ 40 ಮಿ.ಮೀ. ಗಟ್ಟಿ ರಾಡ್‌ನಲ್ಲಿ 14ರ ಬ್ಲೇಡ್ ಹಾಕಿದರೆ ನಡುವೆ ಸುಮಾರು 22 ಹಲ್ಲು ಕೂರುತ್ತೆ. ಸಂದಿಯಲ್ಲಿ ಚಿಪ್ಸ್ ತುಂಬಿಕೊಂಡು ಬ್ಲೇಡ್ ಇಳಿಯಲ್ಲ. ನಾವು ಮೇಲಿಂದ ಒತ್ತುತ್ತೇವೆ, ಅದು ಪಕ್ಕಕ್ಕೆ ಬಾಗುತ್ತೆ. 8 ಅಥವಾ 10 ಹಲ್ಲಿನದು ಹಾಕಿ. 14 ಪೈಪ್, ಆಂಗಲ್‌ಗೆ ಇರಲಿ. ಹೊಸ ಬ್ಲೇಡ್‌ಗೆ ಮೊದಲ ಕೆಲವು ಕಟ್ ಅರ್ಧ ಒತ್ತಡದಲ್ಲಿ ಕೊಡಿ, ಇಲ್ಲವಾದರೆ ಹಲ್ಲಿನ ತುದಿ ಬೇಗ ಮುರಿಯುತ್ತೆ.

ಪ್ರಶ್ನೆ: ಇಬ್ಬರಿಗೂ ಥ್ಯಾಂಕ್ಸ್. ಗೈಡ್ ತೆಗೆದು ಟ್ರ್ಯಾಕಿಂಗ್ ಮಾಡಿದ ಮೇಲೆ ಬ್ಲೇಡ್ ನಿಂತಿದೆ. 10 ಹಲ್ಲಿನದು ಹಾಕಿದೆ, ಸುರುಳಿ ಚಿಪ್ಸ್ ಬರ್ತಿದೆ. ಆದರೆ ಕೊಯ್ದ ಬಿಲ್ಲೆಯನ್ನು ವರ್ನಿಯರ್‌ನಲ್ಲಿ ಅಳೆದರೆ ಮೇಲ್ಗಡೆ ದಪ್ಪ, ಕೆಳಗಡೆ ತೆಳು. ಮುಖ ಮಾತ್ರ ಚಪ್ಪಟೆಯೇ ಇದೆ.

ಉತ್ತರ: ಮುಖ ಚಪ್ಪಟೆ ಇದ್ದರೆ ಬ್ಲೇಡ್, ಟೆನ್ಷನ್ ಸರಿ ಇವೆ ಅಂತ. ಮುಖ ಡೊಂಕಾಗಿದ್ದರೆ ಅವುಗಳ ಮೇಲೆ ಅನುಮಾನ ಪಡಬೇಕಿತ್ತು. ಎದುರು-ಹಿಂದೆ ವ್ಯತ್ಯಾಸವಿದ್ದರೆ ವೈಸ್‌ನ (ರಾಡ್ ಹಿಡಿಯುವ ಇಕ್ಕಳ) ದವಡೆ ನೋಡಿ ಅಂತಿದ್ದೆ. ಮೇಲೆ-ಕೆಳಗೆ ಅಂದರೆ ಬ್ಲೇಡ್ ಬೆಡ್‌ಗೆ (ರಾಡ್ ಕೂರುವ ತಳ) ನೇರ ನಿಂತಿಲ್ಲ. ಟ್ರೈಸ್ಕ್ವೇರ್ (ಲಂಬಕೋನ ನೋಡುವ ಮಟ್ಟ) ಬೆಡ್ ಮೇಲೆ ಇಟ್ಟು ಬ್ಲೇಡ್‌ನ ಮೈಗೆ ಹಚ್ಚಿ. ಹಲ್ಲಿಗೆ ಹಚ್ಚಬೇಡಿ, ಅವು ಹೊರಕ್ಕೆ ಬಾಗಿರೋದರಿಂದ ಸುಳ್ಳು ತೋರಿಸುತ್ತೆ. ಎರಡೂ ಕಡೆಯ ಗೈಡ್ ಬ್ರಾಕೆಟ್ ಸಮವಾಗಿ ತಿರುಗಿಸಿ, ಒಂದನ್ನೇ ತಿರುಗಿಸಿದರೆ ಬ್ಲೇಡ್ ತಿರುಚಿಕೊಂಡು ಟ್ರ್ಯಾಕಿಂಗ್ ಮತ್ತೆ ಕೆಡಬಹುದು. ಗೈಡ್‌ಗಳನ್ನು ಜಾಬ್‌ಗೆ (ಕೊಯ್ಯುವ ರಾಡ್) ಆದಷ್ಟು ಹತ್ತಿರ ತಂದು ಲಾಕ್ ಮಾಡಿ, ಆಮೇಲೆ ಇನ್ನೊಂದು ಬಿಲ್ಲೆ ಕೊಯ್ದು ಅಳತೆ ಹಾಕಿ.