ಪಾಯ ತೋಡುವ ಮೊದಲೇ ಏನೇನು ನಿಗದಿ ಮಾಡಬೇಕು?

ಪ್ರಶ್ನೆ: 30×40 ಸೈಟಿನಲ್ಲಿ ಮನೆ ಶುರು ಮಾಡುತ್ತಿದ್ದೇವೆ. ಆಮೇಲೆ ಗೋಡೆ, ನೆಲ ಒಡೆಯದಂತೆ ಈಗಲೇ ಏನು ತೀರ್ಮಾನಿಸಬೇಕು?

ಉತ್ತರ 1: ಮೊದಲು ರಸ್ತೆಯ ಒಳಚರಂಡಿ ಚೇಂಬರಿನ ಆಳ ಅಳೆಯಿರಿ. 110 ಮಿ.ಮೀ. ಪೈಪಿಗೆ 60ಕ್ಕೆ 1ರ ಇಳಿಜಾರು ಕೊಟ್ಟರೆ, 12 ಮೀಟರಿಗೆ 20 ಸೆಂ.ಮೀ. ಇಳಿಯುತ್ತದೆ. ಅದಕ್ಕೆ ಹೊಂದುವಂತೆ ಪ್ಲಿಂತ್ (ನೆಲಮಹಡಿಯ ನೆಲದ ಮಟ್ಟ) ಎತ್ತರ ನಿರ್ಧರಿಸಿ. ತಗ್ಗಿದರೆ ಮಳೆಗಾಲದಲ್ಲಿ ಕೊಳಚೆ ವಾಪಸ್ ಬಚ್ಚಲಿಗೇ ಬರುತ್ತದೆ, ಆಗ ಪರಿಹಾರ ಬಲು ದುಬಾರಿ.

ಉತ್ತರ 2: ಮೇಲಿನ ಮಾತು ಸರಿ. ಜತೆಗೆ, ಪೈಪು ಬೀಮ್ ದಾಟುವ ಕಡೆ ಎಂಜಿನಿಯರ್ ಒಪ್ಪಿದ ಜಾಗದಲ್ಲಿ ಕಾಂಕ್ರೀಟಿಗೆ ಮೊದಲೇ ಸ್ಲೀವ್ (ಪೈಪು ಹಾಯಲು ದೊಡ್ಡ ಕೊಳವೆ ತುಂಡು) ಇಡಿಸಿ. ಆಮೇಲೆ ಕೊರೆದರೆ ಕಬ್ಬಿಣ ತುಂಡಾಗುತ್ತದೆ. ತಾರಸಿಯ ಕಂಬಿ ಕಟ್ಟಿದ ದಿನವೇ ಫ್ಯಾನ್ ಬಾಕ್ಸ್, 25 ಮಿ.ಮೀ. ಕಂಡ್ಯೂಟ್ (ತಂತಿ ಹಾಯುವ ಕೊಳವೆ) ಎಣಿಸಿ ನೋಡಿ. ಎ.ಸಿ.ಗೆ ಪ್ರತ್ಯೇಕ 4 ಚ.ಮಿ.ಮೀ. ತಂತಿ. ಸೋಲಾರ್ ಹೀಟರಿನ ಬಿಸಿನೀರಿಗೆ ಸಿಪಿವಿಸಿಯಂಥ ಬಿಸಿ ತಡೆಯುವ ಪೈಪು ಬೇಕು, ತಣ್ಣೀರಿನ ಟ್ಯಾಂಕ್ ಹೀಟರಿಗಿಂತ ಎತ್ತರದಲ್ಲಿರಲಿ.

ಉತ್ತರ 3: ಬಚ್ಚಲಿನ ವಾಟರ್‌ಪ್ರೂಫಿಂಗ್ ಆದ ಮೇಲೆ 48 ಗಂಟೆ ನೀರು ನಿಲ್ಲಿಸಿ, ಕೆಳಗೆ ತೇವ ಕಾಣದಿದ್ದರಷ್ಟೇ ಟೈಲ್ಸ್. ಒಳಗಿನ ಪೈಪು, ತಂತಿ ಎಲ್ಲಿವೆ ಎಂದು ಆಮೇಲೆ ತಿಳಿಯಲು, ಪ್ಲಾಸ್ಟರಿಗೆ ಮೊದಲು ಅಳತೆ ಟೇಪು ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದಿಡಿ, ದಯವಿಟ್ಟು ಇದನ್ನು ಬಿಡಬೇಡಿ.