ಬೆಟ್ಟ ಹತ್ತಲು ಬೇರೆ ಫ್ರೇಮ್ ಬೇಕೇ?

ಪ್ರಶ್ನೆ: ವಯಸ್ಸು 48. ರೇಸ್ ಮಾದರಿಯ ರೋಡ್ ಬೈಕ್ (ಸೈಕಲ್) ಇದೆ. ಒಂದು ಗಂಟೆ ತುಳಿದರೆ ಕತ್ತು ಹಿಡಿದುಕೊಳ್ಳುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ನಂದಿ ಬೆಟ್ಟದ ಕಡಿದಾದ ತಿರುವುಗಳಲ್ಲಿ ಸೀಟಿನ ಮೇಲೆ ಹಿಂದಕ್ಕೆ ಜಾರುತ್ತೇನೆ. ಅಂಗಡಿಯವರು ಎಂಡ್ಯೂರೆನ್ಸ್ ಫ್ರೇಮ್ (ಹ್ಯಾಂಡಲ್ ಎತ್ತರವಾಗಿ, ನೆಟ್ಟಗೆ ಕೂರಲು ಅನುಕೂಲವಾದ ಚೌಕಟ್ಟು) ಕೊಳ್ಳಿ ಎನ್ನುತ್ತಾರೆ. ಅದರಲ್ಲಿ ಏರು ಹತ್ತುವುದು ನಿಧಾನ ಎಂದು ಗೆಳೆಯರ ವಾದ. ಯಾರ ಮಾತು ಕೇಳಲಿ?

ಉತ್ತರ (ಬೈಕ್ ಫಿಟ್ಟರ್, ಅಂದರೆ ಸೈಕಲ್ಲನ್ನು ಸವಾರನ ಮೈಗೆ ಹೊಂದಿಸುವವರು): ಗೆಳೆಯರ ವಾದ ಸಪಾಟು ರಸ್ತೆಗೆ ಸರಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಗ್ಗಿ ಕೂತವನಿಗೆ ಗಾಳಿಯ ತಡೆ ಕಡಿಮೆ. ಏರಿನಲ್ಲಿ ನೀವು ಎಂಟೋ ಒಂಬತ್ತೋ ಕಿ.ಮೀ. ವೇಗದಲ್ಲಿರುತ್ತೀರಿ, ಅಲ್ಲಿ ಹೋರಾಟ ಗಾಳಿಯೊಡನೆ ಅಲ್ಲ, ತೂಕದೊಡನೆ. ನೆಟ್ಟಗೆ ಕೂತರೆ ನಷ್ಟವೇನೂ ಇಲ್ಲ.

ಕತ್ತು, ಕೈ ನೋವಿಗೆ ಕಾರಣ ಹ್ಯಾಂಡಲ್ ತಗ್ಗಿನಲ್ಲಿ, ದೂರದಲ್ಲಿ ಇರುವುದು. ಎಂಡ್ಯೂರೆನ್ಸ್ ಫ್ರೇಮ್ ಕೊಡುವುದೂ ಎರಡು ಮೂರು ಸೆಂ.ಮೀ. ಎತ್ತರವನ್ನು. ಸ್ಪೇಸರ್ (ಹ್ಯಾಂಡಲ್ ಎತ್ತರಿಸುವ ಬಳೆ) ಹಾಕಿ, ಸ್ಟೆಮ್ (ಹ್ಯಾಂಡಲನ್ನು ಹಿಡಿದಿರುವ ತುಂಡು) ತಲೆಕೆಳಗಾಗಿ ತಿರುಗಿಸಿ ಅಥವಾ ಗಿಡ್ಡದ್ದು ಹಾಕಿ ಅದರಲ್ಲಿ ಬಹುಪಾಲನ್ನು ಈಗಿನ ಬೈಕಿನಲ್ಲೇ ಪಡೆಯಬಹುದು.

ಜಾರುವುದರ ಕಾರಣ ಬೇರೆ. ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಫ್ರೇಮ್ ಕೊಳವೆ) ನೆಲಕ್ಕೆ ಸುಮಾರು 73 ಡಿಗ್ರಿ ಕೋನದಲ್ಲಿರುತ್ತದೆ. ಶೇ. 10ರ ಏರೆಂದರೆ ಇಡೀ ಬೈಕ್ ಹೆಚ್ಚುಕಡಿಮೆ ಆರು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಕೋನ 67ಕ್ಕೆ ಇಳಿದಂತೆ. ದೇಹ ಪೆಡಲಿನ ಹಿಂದೆ ಉಳಿಯುತ್ತದೆ, ಮುಂಚಕ್ರ ಹಗುರವಾಗುತ್ತದೆ. ಸೀಟನ್ನು ಐದು ಮಿ.ಮೀ. ಮುಂದಕ್ಕೆ ಸರಿಸಿ, ಅದರ ಮೂತಿಯನ್ನು ಒಂದು ಡಿಗ್ರಿ ಕೆಳಕ್ಕೆ ಬಗ್ಗಿಸಿ.

ಪ್ರಶ್ನೆ: ಐದೇ ಏಕೆ? ಎರಡು ಸೆಂ.ಮೀ. ಸರಿಸಿದರೆ ಇನ್ನೂ ಒಳ್ಳೆಯದಲ್ಲವೇ?

ಉತ್ತರ: ಅಷ್ಟು ಸರಿಸಿದರೆ ಭಾರವೆಲ್ಲ ಅಂಗೈಗೆ ಬೀಳುತ್ತದೆ. ಜೋಮು ಮತ್ತೆ ಶುರು.

ಇನ್ನೊಬ್ಬ ಸದಸ್ಯರು: ನಮ್ಮ ತಾತನ ಕರಿ ಸೈಕಲ್ ಮೇಲೆ ಸಿಂಹಾಸನದಲ್ಲಿ ಕೂತಂತಿರುತ್ತಿತ್ತು. ಆದರೆ ಊರ ದಿಬ್ಬದಲ್ಲಿ ಎಲ್ಲರೂ ಇಳಿದು ತಳ್ಳುತ್ತಿದ್ದರು!

ಉತ್ತರ: ಆ ಸೈಕಲ್ಲುಗಳ ಸೀಟ್ ಟ್ಯೂಬ್ ಕೋನವೇ ಹೆಚ್ಚುಕಡಿಮೆ 68 ಡಿಗ್ರಿ. ಸ್ಪ್ರಿಂಗ್ ಸೀಟು, ಎತ್ತರದ ಹ್ಯಾಂಡಲ್, ದಪ್ಪ ಟೈರು: ಬೆನ್ನಿಗೆ ಸುಖ. ಜೊತೆಗೆ ಒಂದೇ ಗೇರ್, ಭಾರದ ಉಕ್ಕು. ತಳ್ಳದೆ ಇನ್ನೇನು ಮಾಡಿಯಾರು?

ಪ್ರಶ್ನೆ (ಮೊದಲಿನವರು): ನನ್ನ ಅತಿ ಹಗುರ ಗೇರ್ ಮುಂದೆ 34, ಹಿಂದೆ 28 ಹಲ್ಲು. ಸಾಕೇ?

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು! ಎಂಟು ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 52 ಸುತ್ತಷ್ಟೇ ತುಳಿಯುತ್ತೀರಿ, ಮಂಡಿಗೆ ಭಾರ. ಹಿಂದೆ 34 ಹಲ್ಲಿನವರೆಗಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛ) ಹಾಕಿದರೆ 63 ಸುತ್ತು. ಹೊಸ ಫ್ರೇಮಿಗಿಂತ ಬಹಳ ಅಗ್ಗ. ಈಗಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಅಷ್ಟು ದೊಡ್ಡ ಹಲ್ಲುಚಕ್ರವನ್ನು ತಾಳುತ್ತದೆಯೇ ಎಂದು ಮೊದಲು ನೋಡಿಸಿ. ಚೈನ್ ಕೂಡ ಉದ್ದದ್ದು ಬೇಕಾದೀತು.