ಮಕ್ಕಳಿಗೆ ವಾರ್ಲಿ ಜನ, ಕಾಡು, ಚಿರತೆ: ತರಗತಿಯಲ್ಲಿ ಕೈಯಾರೆ ಏನು ಮಾಡಿಸಬಹುದು?

ಮುಲುಂಡ್ ಕನ್ನಡ ತರಗತಿ

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಮುಲುಂಡಿನಲ್ಲಿ ಭಾನುವಾರದ ಕನ್ನಡ ತರಗತಿ, 8ರಿಂದ 11 ವರ್ಷದ ಮಕ್ಕಳು. ಈ ತಿಂಗಳ ಪಾಠ ‘ಕಾಡಿನ ಜನ, ಕಾಡಿನ ಪ್ರಾಣಿ’. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ ನಮ್ಮ ಬಗಲಲ್ಲೇ ಇದೆ, ಆದ್ದರಿಂದ ಅಲ್ಲಿನ ವಾರ್ಲಿಗಳ ಬಗ್ಗೆಯೇ ಹೇಳಬೇಕೆಂದಿದ್ದೇವೆ. ‘ಆದಿವಾಸಿಗಳು ಪ್ರಕೃತಿಯೊಡನೆ ಹೊಂದಿಕೊಂಡು ಬಾಳುತ್ತಾರೆ’ ಎಂದರೆ ಮಕ್ಕಳ ತಲೆಗೆ ಏನೂ ಹೋಗುವುದಿಲ್ಲ. ಅವರು ಕೇಳುವುದು: ಚಿರತೆ ಬಂದರೆ ಭಯ ಆಗಲ್ವಾ? ಕಾಡಲ್ಲಿ ತಿನ್ನೋಕೆ ಏನು ಸಿಗುತ್ತೆ? ವಾರ್ಲಿ ಚಿತ್ರಕ್ಕೆ ಬಣ್ಣ ಹಚ್ಚಿಸಿ ಕೈತೊಳೆದುಕೊಳ್ಳಲು ಮನಸ್ಸಿಲ್ಲ. ತಿಳಿದವರು ಹೇಳಿ.

ಗೋರೆಗಾಂವ್ ಪೂರ್ವ

ಭಯದಿಂದಲೇ ಶುರು ಮಾಡಿ ಅಕ್ಕ. ಉದ್ಯಾನ ಸುಮಾರು 104 ಚದರ ಕಿ.ಮೀ.; ಅದರೊಳಗೂ ಪಕ್ಕದ ಆರೆ ಕಾಲೊನಿಯಲ್ಲೂ ವಾರ್ಲಿ, ಮಲ್ಹಾರ್ ಕೋಳಿ ಮೊದಲಾದ ಬುಡಕಟ್ಟಿನವರ ಪಾಡಾಗಳು, ಅಂದರೆ ಹಾಡಿಗಳು, ಇವೆ. ಚಿರತೆ ಅಂದರೆ ಅವರಿಗೂ ಭಯವೇ. ಆ ಭಯಕ್ಕೊಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ, ಮಕ್ಕಳಿಗೆ ತಿಳಿಯಬೇಕಾದ್ದು ಅದು.

ಅವರ ದೇವರು ವಾಘೋಬಾ, ಹುಲಿ-ಚಿರತೆಗಳ ದೇವರು. ಕಲ್ಲಿನ ಅಥವಾ ಮರದ ಹಲಗೆಯ ಮೇಲೆ ಹುಲಿ, ಸೂರ್ಯ, ಚಂದ್ರ, ಮೇಲೆ ಸಿಂಧೂರ. ದೀಪಾವಳಿ ಶುರುವಾಗುವ ಆಶ್ವಯುಜ ಬಹುಳ ದ್ವಾದಶಿಯಂದು, ವಾಘಬಾರಸ್ ದಿನ, ಕೋಳಿ ಒಪ್ಪಿಸಿ ‘ನಮ್ಮನ್ನೂ ದನಕರುವನ್ನೂ ಕಾಯಿ’ ಎಂದು ಬೇಡುತ್ತಾರೆ. ಎಷ್ಟೋ ಮನೆಗಳಲ್ಲಿ ಗೋವತ್ಸ ದ್ವಾದಶಿ ಮಾಡುವುದೂ ಅದೇ ದಿನ. ಒಂದೇ ತಿಥಿಯಲ್ಲಿ ಒಬ್ಬರು ಹಸುವಿಗೆ, ಇನ್ನೊಬ್ಬರು ಹಸು ಹಿಡಿಯುವ ಪ್ರಾಣಿಗೆ ಕೈಮುಗಿಯುತ್ತಾರೆ ಎಂದರೆ ಮಕ್ಕಳು ಕಿವಿ ನೆಟ್ಟಗೆ ಮಾಡುತ್ತಾರೆ. ತುಳು ಮನೆಯ ಮಕ್ಕಳಿದ್ದರೆ ಅವರ ಹುಲಿದೈವ ಪಿಲಿಚಾಮುಂಡಿಯನ್ನೂ ನೆನಪಿಸಿ.

ದೇವರಿಗೆ ಬಿಟ್ಟು ಸುಮ್ಮನಿರುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಚಿರತೆ ಹೆಚ್ಚಾಗಿ ಓಡಾಡುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಆ ಹೊತ್ತಲ್ಲಿ ಮಕ್ಕಳನ್ನು ಒಂಟಿಯಾಗಿ ಕಳಿಸಬಾರದು. ದೊಡ್ಡವರ ಜೊತೆ, ಟಾರ್ಚ್ ಹಿಡಿದು, ಜೋರಾಗಿ ಮಾತಾಡುತ್ತ ಹೋಗಬೇಕು. ಬಗ್ಗಿದವರು, ಕುಳಿತವರು ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯ ಹಾಗೆ ಕಾಣುತ್ತಾರೆ. ಎದುರಾದರೆ ಓಡದೆ, ನೆಟ್ಟಗೆ ನಿಂತು, ಮೆಲ್ಲಗೆ ಹಿಂದೆ ಸರಿಯಬೇಕು. ಇದನ್ನು ತರಗತಿಯಲ್ಲೇ ಆಡಿಸಿ.

ಕಸ, ಬೀದಿನಾಯಿ, ಚಿರತೆ ಎಂದು ಮೂರು ಕಾರ್ಡು ಮಾಡಿ. ಕಸ ಇದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ. ಯಾವ ಕಾರ್ಡು ತೆಗೆಯೋಣ ಎಂದು ಕೇಳಿದರೆ ಮೊದಲು ಎಲ್ಲರೂ ‘ಚಿರತೆ’ ಎನ್ನುತ್ತಾರೆ. ಹಿಡಿದು ಬೇರೆ ಕಡೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಅವರು ಮಾಡಿದ ಅಧ್ಯಯನವಿದೆ: ಸಾಗಿಸಿದ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಿತು. ಗುರುತಿಲ್ಲದ ಜಾಗಕ್ಕೆ ಬಿದ್ದ ಪ್ರಾಣಿ ಗಾಬರಿಯಲ್ಲಿರುತ್ತದೆ. ಆದ್ದರಿಂದ ತೆಗೆಯಬೇಕಾದ ಕಾರ್ಡು ಕಸದ್ದು.

ಠಾಣೆ ಹೆಜ್ಜೆಗುರುತು

ಹೆಜ್ಜೆಗುರುತಿನ ಅಚ್ಚು ತೆಗೆಸಿ. ಅದಕ್ಕೆ ಕಾಡು ಬೇಡ, ಸೊಸೈಟಿಯ ಬೆಕ್ಕು ಸಾಕು. ಅಗಲದ ಟ್ರೇಯಲ್ಲಿ ಜರಡಿ ಹಿಡಿದ ಮಣ್ಣು 3 ಸೆಂ.ಮೀ. ಹರಡಿ, ನೀರು ಚಿಮುಕಿಸಿ, ಸವರಿ, ರಾತ್ರಿ ಬೆಕ್ಕು ಓಡಾಡುವ ದಾರಿಯಲ್ಲಿಡಿ. ನೀರು ಹೆಚ್ಚಾದರೆ ಗುರುತು ಮುಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ಮೂಡುವುದೇ ಇಲ್ಲ.

ಬೆಳಿಗ್ಗೆ ಗುರುತಿನ ಸುತ್ತ ರಟ್ಟಿನ ಪಟ್ಟಿ ನಿಲ್ಲಿಸಿ. 1 ಲೋಟ ನೀರಿಗೆ 2 ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್. ಪುಡಿಯನ್ನು ನೀರಿಗೆ ಉದುರಿಸಬೇಕು. ಪುಡಿಗೆ ನೀರು ಹೊಯ್ದರೆ ಗಂಟಾಗುತ್ತದೆ. ದೋಸೆಹಿಟ್ಟಿನ ಹದಕ್ಕೆ ಬಂದಮೇಲೆ ಅಂಚಿನಿಂದ ನಿಧಾನವಾಗಿ ಹರಿಯಬಿಡಿ, ಮೇಲಿಂದ ಸುರಿದರೆ ಗುರುತು ಕಿತ್ತುಹೋಗುತ್ತದೆ. ಅರ್ಧ ಗಂಟೆ ಮುಟ್ಟಬೇಡಿ. ಮಣ್ಣು ತೊಳೆಯುವುದು ಮಾರನೆಯ ದಿನ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗಿ ಚರ್ಮ ಸುಡಬಲ್ಲದು, ಮಕ್ಕಳು ಕೈಯಿಂದ ಕಲಸುವುದು ಬೇಡವೇ ಬೇಡ. ಉಳಿದದ್ದನ್ನು ಸಿಂಕಿಗೆ ಚೆಲ್ಲಿದರೆ ಪೈಪು ಕಟ್ಟಿಕೊಳ್ಳುತ್ತದೆ.

ಬೆಕ್ಕಿನದು ದುಂಡಗೆ, ಉಗುರಿನ ಗುರುತಿಲ್ಲ, ಅಂಗಾಲಿನ ಹಿಂದಂಚಿನಲ್ಲಿ ಮೂರು ಉಬ್ಬು. ನಾಯಿಯದು ಉದ್ದ, ಉಗುರು ಮೂಡಿರುತ್ತದೆ. ಚಿರತೆಯದು ಬೆಕ್ಕಿನ ಹೆಜ್ಜೆಯೇ, ಅಗಲ ಮಾತ್ರ ಸುಮಾರು 7 ಸೆಂ.ಮೀ. ಬೋರ್ಡಿನ ಮೇಲೆ ಅಷ್ಟಗಲ ಬರೆದು ಮಕ್ಕಳ ಅಂಗೈ ಇಡಿಸಿ.

ತಜಂಕ್ ಅಂಬಡೆ

ಊಟದ ಪ್ರಶ್ನೆಗೆ ಋತುಚಕ್ರ ಬರೆಸಿ. ಮಾರ್ಚ್-ಏಪ್ರಿಲ್‌ನಲ್ಲಿ ಹಿಪ್ಪೆ ಹೂ: ರಾತ್ರಿ ಬಾವಲಿ ಬಂದು ಹೀರುತ್ತದೆ, ನಸುಕಿಗೆ ಉದುರಿದ್ದನ್ನು ಜನ ಆಯುತ್ತಾರೆ, ಮಿಕ್ಕದ್ದು ಜಿಂಕೆಗೆ. ಮಳೆ ಬಿದ್ದಮೇಲೆ ಟಾಕಳಾ, ಅಂದರೆ ನಮ್ಮ ತಜಂಕ್ ಸೊಪ್ಪು. ಆಮೇಲೆ ಕರ್ಟೋಲಿ, ನಮ್ಮ ಮಾಡಹಾಗಲ.

ಜೂನ್ ಮೊದಲ ಮಳೆಗೆ ನೆಲದಿಂದೇಳುವ ಶೇವಳಾವನ್ನು ಬಿಡಲೇಬೇಡಿ. ಸುವರ್ಣಗೆಡ್ಡೆಯ ಕುಲದ ಕಾಡುಗಿಡ, ತಿನ್ನುವುದು ಅರಳದ ಹೂಮೊಗ್ಗು. ಅದರಲ್ಲಿ ಆಕ್ಸಲೇಟಿನ ಸೂಜಿಹರಳು ಇರುವುದರಿಂದ ಸರಿಯಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ. ಒಳಗಿನ ಹಳದಿ ಭಾಗ ಕಿತ್ತೆಸೆದು, ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ, ಕಾಕಡ ಎಂಬ ಹುಳಿಕಾಯಿಯ ರಸದಲ್ಲಿ ಬೇಯಿಸುತ್ತಾರೆ. ಪತ್ರೊಡೆಗೆ ಹುಣಿಸೆ ಹಾಕುವುದೂ ಇದೇ ಕಾರಣಕ್ಕೆ. ಗೆಡ್ಡೆ ನೆಲದಲ್ಲೇ ಉಳಿದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಮೊಗ್ಗನ್ನೆಲ್ಲ ಕಿತ್ತರೆ ಮಾತ್ರ ಬೀಜ ಕಟ್ಟುವುದಿಲ್ಲ, ಹೊಸ ಗಿಡ ಹುಟ್ಟುವುದಿಲ್ಲ. ಉದ್ಯಾನದಲ್ಲಿ ಮಕ್ಕಳಿಂದ ಏನನ್ನೂ ಕೀಳಿಸಬೇಡಿ. ಮಳೆಗಾಲದಲ್ಲಿ ರಾನ್‌ಭಾಜಿ, ಅಂದರೆ ಕಾಡಿನ ಸೊಪ್ಪು-ತರಕಾರಿ, ಮಾರುವ ಆದಿವಾಸಿ ಹೆಂಗಸರು ಮಾರುಕಟ್ಟೆಗೆ ಬರುತ್ತಾರೆ. ಚೌಕಾಸಿ ಮಾಡದೆ ಕೊಂಡು, ಅಡುಗೆಯ ಬಗೆಯನ್ನು ಅವರಿಂದಲೇ ಕೇಳಿ.

ಮುಲುಂಡ್ ಕನ್ನಡ ತರಗತಿ

ತುಂಬಾ ಉಪಕಾರವಾಯಿತು. ಚಿತ್ರ ಬೇಡವೇ ಬೇಡ ಅಂತೀರಾ?

ಗೋರೆಗಾಂವ್ ಪೂರ್ವ

ಬಿಡಿಸಿ, ಆದರೆ ಕೊನೆಯ ವಾರ. ಗರಿ ಕಿರೀಟ ತೊಡಿಸಿ ಕುಣಿಸುವುದು ಮಾತ್ರ ಬೇಡ, ವಾರ್ಲಿಗಳು ಹಾಗಿಲ್ಲ. ಅರ್ಧ ಲೋಟ ಅಕ್ಕಿ ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ, ಚೂರು ಗೋಂದು ಕಲಸಿ. ಬಿದಿರು ಕಡ್ಡಿಯ ತುದಿ ಜಜ್ಜಿದರೆ ಕುಂಚ. ಕೆಮ್ಮಣ್ಣು ಬಳಿದ ಕಾಗದ ಪೂರ್ತಿ ಒಣಗಿರಲಿ. ಅಕ್ಕಿಹಿಟ್ಟು ಹಸಿಯಿದ್ದಾಗ ಕಾಣುವುದೇ ಇಲ್ಲ, ಒಣಗಿದಮೇಲೆ ಬೆಳ್ಳಗಾಗುತ್ತದೆ. ಕಾಣಲಿಲ್ಲವೆಂದು ಮಕ್ಕಳು ಮೇಲೆ ಮೇಲೆ ಹಚ್ಚಿದರೆ ದಪ್ಪಗಾಗಿ ಬಿರಿದು ಉದುರುತ್ತದೆ, ಹತ್ತು ನಿಮಿಷ ಕಾಯಿಸಿ.